ಐಕಿಯಾದಲ್ಲಿ ಬೇಕಾದ ಪೆಟ್ಟಿಗೆ ಹುಡುಕುವ ದಾರಿ

ಬೆಂಗಳೂರಿನ ನಾಗಸಂದ್ರದಲ್ಲಿರುವ ಪೀಠೋಪಕರಣದ ಅಂಗಡಿ ಐಕಿಯಾಕ್ಕೆ ಹೊಸಬರಾಗಿ ಹೋದವರು ಕಂಗಾಲಾಗುವುದು ಸಹಜ. ಶೋರೂಮಿನಲ್ಲಿ ಜೋಡಿಸಿಟ್ಟ ಕಪಾಟು ಕಾಣುತ್ತದೆ, ಆದರೆ ಅದರ ಬಿಡಿಭಾಗಗಳ ಪೆಟ್ಟಿಗೆ ಇರುವುದು ಅಂಗಡಿಯ ಕೊನೆಯಲ್ಲಿರುವ ಗೋದಾಮಿನಲ್ಲಿ.

ನನಗೆ ಕೆಲಸಕ್ಕೆ ಬಂದದ್ದು ಬೆಲೆಚೀಟಿ. ಅದರಲ್ಲಿ 8 ಅಂಕಿಯ ಐಟಂ ಸಂಖ್ಯೆ ಇರುತ್ತದೆ; ಗೋದಾಮಿನಿಂದ ನಾವೇ ತೆಗೆದುಕೊಳ್ಳುವ ಸಾಮಾನಾದರೆ ಸಾಲು, ಜಾಗದ ಸಂಖ್ಯೆಗಳೂ ಇರುತ್ತವೆ. ಚೀಟಿಯ ಫೋಟೋ ತೆಗೆದಿಡಿ. ಹೆಸರು ನೆನಪಿಟ್ಟುಕೊಂಡರೆ ಸಾಲದು: ‘ಬಿಲ್ಲಿ’ ಎಂಬ ಪುಸ್ತಕದ ಕಪಾಟು ಬಿಳಿಯದಾದರೂ ಕಂದಾದರೂ ಹೆಸರು ಒಂದೇ, ಸಂಖ್ಯೆ ಬೇರೆ. ಪೆಟ್ಟಿಗೆಗಳೋ ಎಲ್ಲವೂ ಒಂದೇ ರಟ್ಟಿನ ಬಣ್ಣ. ಹಾಗಾಗಿ ಗಾಡಿಗೆ ಏರಿಸುವ ಮೊದಲು ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ಫೋಟೋದೊಂದಿಗೆ ಅಂಕಿ ಅಂಕಿಯಾಗಿ ಹೋಲಿಸಿ.

ದೊಡ್ಡ ಸಾಮಾನು ಎರಡು ಮೂರು ಪೆಟ್ಟಿಗೆಗಳಲ್ಲಿ, ಬೇರೆ ಬೇರೆ ಸಾಲಿನಲ್ಲೂ ಇರಬಹುದು. ಪ್ಯಾಕ್ಸ್ ವಾರ್ಡ್‌ರೋಬಿಗೆ ಚೌಕಟ್ಟು, ಬಾಗಿಲು, ಕೀಲು ಎಲ್ಲ ಪ್ರತ್ಯೇಕ. ಕೀಲು ಮರೆತರೆ ಮನೆಯಲ್ಲಿ ಬಾಗಿಲು ಗೋಡೆಗೆ ಒರಗಿಕೊಂಡೇ ಇರುತ್ತದೆ.

ಮನೆಯಿಂದ ಹೊರಡುವ ಮುನ್ನವೇ ಆ್ಯಪಿನಲ್ಲಿ ನಾಗಸಂದ್ರ ಅಂಗಡಿಯನ್ನು ಆರಿಸಿ, ದಾಸ್ತಾನು ನೋಡಿ, ಬೇಕಾದ್ದನ್ನು ಪಟ್ಟಿಗೆ ಸೇರಿಸಿಕೊಳ್ಳುವುದು ಇನ್ನೂ ಒಳ್ಳೆಯದು. ಬೆಲೆಚೀಟಿಯಲ್ಲಿ ಸಾಲಿನ ಸಂಖ್ಯೆಯ ಬದಲು ‘ಸಿಬ್ಬಂದಿಯನ್ನು ಕೇಳಿ’ ಎಂದಿದ್ದರೆ ಶೋರೂಮಿನಲ್ಲೇ ಕೇಳಿ. ಗೋದಾಮಿಗೆ ಇಳಿದ ಮೇಲೆ ವಾಪಸ್ ಹತ್ತುವುದು ದೂರದ ದಾರಿ.