ಮರಳಿನ ಮೇಲೊಂದು ರಾತ್ರಿ: ಥಾರ್‌ಗೆ ಹೊರಡುವ ಕಲಬುರಗಿಯವರ ಸಿದ್ಧತೆ ಹೇಗಿರಬೇಕು?

ಬೇಸಿಗೆಯಲ್ಲಿ 42–43 ಡಿಗ್ರಿ ಬಿಸಿಲಿಗೆ ಮೈಯೊಡ್ಡಿ ಬೆಳೆದ ಕಲಬುರಗಿಯವರಿಗೆ ಮರುಭೂಮಿ ಎಂದೊಡನೆ ಬಿಸಿಲೇ ಕಣ್ಣಮುಂದೆ ಬರುತ್ತದೆ. ಆದರೆ ಚಳಿಗಾಲದಲ್ಲಿ ರಾಜಸ್ಥಾನದ ಥಾರ್ ಮರುಭೂಮಿಯ ಡೇರೆಯಲ್ಲಿ ಮಲಗುವವರನ್ನು ನಿಜವಾಗಿ ಕಾಡುವುದು ಚಳಿ. ಅಲ್ಲಿನ ಗಾಳಿಯಲ್ಲಿ ತೇವವಿಲ್ಲ, ಆಕಾಶದಲ್ಲಿ ಮೋಡವಿಲ್ಲ. ಹಗಲಿಡೀ ಕಾದ ಮರಳು ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿನಲ್ಲೇ ತಣ್ಣಗಾಗುತ್ತದೆ. ಡಿಸೆಂಬರ್ ಕೊನೆಯಲ್ಲಿ ತೆಳು ಚಾದರ ನಂಬಿಕೊಂಡು ಹೋಗಿದ್ದ ನಾವು, ನಡುರಾತ್ರಿಯ ನಂತರ ಮಕ್ಕಳನ್ನು ಮಧ್ಯೆ ಕೂರಿಸಿಕೊಂಡು ಬೆಳಗಾಗುವುದನ್ನೇ ಕಾದೆವು. ನಿಮಗೆ ಹಾಗಾಗಬಾರದು ಎಂಬ ಕಾಳಜಿಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾಲ ನಿಶ್ಚಯವಾಗಲಿ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಹೋಗಬಹುದು; ಚಿಕ್ಕ ಮಕ್ಕಳು ಮತ್ತು ಹಿರಿಯರು ಜೊತೆಗಿದ್ದರೆ ನವೆಂಬರ್ ಅಥವಾ ಫೆಬ್ರುವರಿ ಹಿತ. ತಾರೀಕು ಗೊತ್ತುಮಾಡುವ ಮುನ್ನ ಪಂಚಾಂಗವನ್ನೂ ತೆರೆದು ನೋಡಿ. ಹುಣ್ಣಿಮೆಯ ಆಸುಪಾಸಿನಲ್ಲಿ ಮರಳದಿಬ್ಬಗಳು ಬೆಳದಿಂಗಳಲ್ಲಿ ಹೊಳೆಯುತ್ತವೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನಕ್ಷತ್ರಗಳು ಕಿಕ್ಕಿರಿದು ಕಾಣುತ್ತವೆ. ಎರಡೂ ಒಂದೇ ರಾತ್ರಿ ಸಿಗುವುದಿಲ್ಲ.

ನಮ್ಮ ಕಡೆಯಿಂದ ಅನುಕೂಲದ ದಾರಿಯೆಂದರೆ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಮುಂಬೈಗೆ ಹೋಗಿ, ಬಾಂದ್ರಾ ಟರ್ಮಿನಸ್‌ನಿಂದ ಸೂರ್ಯನಗರಿ ಎಕ್ಸ್‌ಪ್ರೆಸ್‌ನಲ್ಲಿ ಜೋಧಪುರ ತಲುಪುವುದು. ಅಲ್ಲಿಂದ ಜೈಸಲ್ಮೇರ್‌ಗೆ ರೈಲು ಅಥವಾ ಬಸ್ಸಿನಲ್ಲಿ ಐದಾರು ತಾಸು. 2024ರ ನವೆಂಬರ್‌ನಿಂದ ರೈಲ್ವೆ ಮುಂಗಡ ಬುಕಿಂಗ್ 60 ದಿನಗಳಿಗೆ ಇಳಿದಿರುವುದರಿಂದ, ಹೋಗುವ ಮತ್ತು ಬರುವ ಟಿಕೆಟ್‌ಗಳು ಕೈಸೇರಿದ ಮೇಲೆಯೇ ಡೇರೆ ಕಾಯ್ದಿರಿಸಿ.

ಡೇರೆಗಳಿರುವ ಜಾಗಗಳಲ್ಲಿ ಮುಖ್ಯವಾದವು ಎರಡು. ಜೈಸಲ್ಮೇರ್‌ನಿಂದ ಪಶ್ಚಿಮಕ್ಕೆ ಸುಮಾರು 40 ಕಿ.ಮೀ. ದೂರದ ಸಮ್ ದಿಬ್ಬಗಳಲ್ಲಿ ಜನ, ಜೀಪು, ಧ್ವನಿವರ್ಧಕ ಎಲ್ಲವೂ ಹೆಚ್ಚು. ನೈಋತ್ಯಕ್ಕೆ ಸುಮಾರು 50 ಕಿ.ಮೀ. ದೂರದ ಖೂರಿ ಹಳ್ಳಿಯ ಕಡೆ ಗದ್ದಲ ಕಡಿಮೆ. ಮರುಭೂಮಿಯ ಮೌನಕ್ಕಾಗಿಯೇ ಇಷ್ಟು ದೂರ ಹೋಗುವವರು ಖೂರಿಯ ಸಾದಾ ಡೇರೆಯನ್ನು ಆರಿಸಿಕೊಳ್ಳಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಹಣ ಕಳಿಸುವ ಮುನ್ನ ಫೋನಿನಲ್ಲೇ ಎಲ್ಲವನ್ನೂ ಬಿಡಿಸಿ ಕೇಳಿ: ಒಂಟೆ ಸವಾರಿ ಎಷ್ಟು ಹೊತ್ತು, ಒಂದು ಒಂಟೆಗೆ ಎಷ್ಟು ಜನ, ಊಟ ಸೇರಿದೆಯೇ, ತಲೆಗೆ ಎಷ್ಟು ರಜಾಯಿ, ಶೌಚಾಲಯ ಡೇರೆಯೊಳಗಿದೆಯೋ ಹೊರಗೋ? ಉತ್ತರಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಂಡರೆ ಅಲ್ಲಿ ಹೋದ ಮೇಲೆ ಮಾತು ಬದಲಾಗುವುದಿಲ್ಲ.

ಚೀಲಕ್ಕೆ ಸ್ವೆಟರ್, ಕಿವಿ ಮುಚ್ಚುವ ಟೋಪಿ, ಕಾಲುಚೀಲ, ಟಾರ್ಚ್, ಆಧಾರ್ ಕಾರ್ಡ್ ಮತ್ತು ಸ್ವಲ್ಪ ನಗದು ಸೇರಲಿ, ಏಕೆಂದರೆ ದಿಬ್ಬಗಳ ನಡುವೆ ಮೊಬೈಲ್ ಸಿಗ್ನಲ್ಲನ್ನು ನೆಚ್ಚಲಾಗದು. ಮನೆಯಲ್ಲಿ ಹಗುರವಾದ ಕೌದಿಯಿದ್ದರೆ ಅದನ್ನೂ ಮಡಚಿಡಿ. ರಾತ್ರಿ ಹೊದೆಯಲು, ಸಂಜೆ ಒಂಟೆಯ ಜೀನಿನ ಮೇಲೆ ಹಾಸಲು, ಎರಡಕ್ಕೂ ಬರುತ್ತದೆ. ರೈಲು ಪ್ರಯಾಣಕ್ಕೆ ಕಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿಗಿಂತ ನಂಬಿಕಸ್ಥ ಬುತ್ತಿ ಇನ್ನೊಂದಿಲ್ಲ. ಸವಾರಿಗೆ ಜೀನ್ಸ್ ಬೇಡ, ಅದರ ಹೊಲಿಗೆ ತೊಡೆಯನ್ನು ತರಚುತ್ತದೆ. ಸಡಿಲವಾದ ಪೈಜಾಮ ತೊಡಿ.

ಇನ್ನು ಒಂಟೆಯ ವಿಷಯ. ಹತ್ತುವ ಮೊದಲು ಎರಡು ನಿಮಿಷ ಅದರ ಸುತ್ತ ಒಮ್ಮೆ ನಡೆದು ನೋಡಿ. ಜೀನಿನ ಅಂಚಿನಲ್ಲಿ ಹಸಿ ಗಾಯವಿದ್ದರೆ, ಮೂಗಿನ ಗೂಟದ ಬಳಿ ರಕ್ತವೋ ಕೀವೋ ಕಂಡರೆ, ನಡೆಯುವಾಗ ಕುಂಟುತ್ತಿದ್ದರೆ ಆ ಒಂಟೆಯನ್ನು ಹತ್ತಬೇಡಿ. ಬೇರೊಂದನ್ನು ಕೊಡಿ ಎಂದು ಸೌಜನ್ಯದಿಂದಲೇ ಕೇಳಿ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 4 ಲಕ್ಷದಷ್ಟಿದ್ದ ಒಂಟೆಗಳು 2019ರ ಗಣತಿಯ ಹೊತ್ತಿಗೆ ಎರಡೂವರೆ ಲಕ್ಷಕ್ಕೆ ಇಳಿದಿದ್ದವು. ರಾಜಸ್ಥಾನವು 2014ರಲ್ಲಿ ಒಂಟೆಯನ್ನು ರಾಜ್ಯ ಪ್ರಾಣಿಯೆಂದು ಘೋಷಿಸಿತು. ನಾವು ಕೊಡುವ ಹಣ, ಒಂಟೆಯನ್ನು ಚೆನ್ನಾಗಿ ಸಾಕುವವರ ಕೈಗೇ ಸೇರಲಿ.

ಒಂಟೆ ಕುಳಿತಿರುವಾಗಲೇ ಕಾಲು ದಾಟಿಸಿ ಕೂರಬೇಕು. ಫೋನನ್ನು ಜೇಬಿಗೆ ಹಾಕಿ, ಜೀನಿನ ಮುಂದಿನ ಹಿಡಿಯನ್ನು ಎರಡೂ ಕೈಗಳಿಂದ ಹಿಡಿದು ಬೆನ್ನನ್ನು ಹಿಂದಕ್ಕೆ ಬಾಗಿಸಿ. ಒಂಟೆ ಮೊದಲು ಹಿಂಗಾಲುಗಳನ್ನೆತ್ತುತ್ತದೆ, ಆಗ ನೀವು ಅದರ ಕತ್ತಿನ ಮೇಲೆ ಬೀಳುವಂತೆ ಮುಂದಕ್ಕೆ ವಾಲುತ್ತೀರಿ; ಕಣ್ಣು ಮಿಟುಕಿಸುವಷ್ಟರಲ್ಲಿ ಮುಂಗಾಲುಗಳೂ ನೆಟ್ಟಗಾಗಿ ದೇಹ ಹಿಂದಕ್ಕೆ ಎಳೆಯುತ್ತದೆ. ಇಳಿಯುವಾಗ ಅದು ಮುಂಗಾಲುಗಳನ್ನು ಮೊದಲು ಮಡಚುವುದರಿಂದ, ಆಗಲೂ ಹಿಂದಕ್ಕೇ ಬಾಗಿರಬೇಕು. ಬೀಳುವವರು ಹೆಚ್ಚಾಗಿ ಬೀಳುವುದು ಈ ಎರಡು ಗಳಿಗೆಗಳಲ್ಲೇ ಎಂದು ನಮ್ಮ ಒಂಟೆ ನಡೆಸುತ್ತಿದ್ದ ಹಿರಿಯರು ಮತ್ತೆ ಮತ್ತೆ ಹೇಳುತ್ತಿದ್ದರು. ನಡೆಯುವಾಗ ಒಂಟೆ ಒಂದೇ ಬದಿಯ ಎರಡೂ ಕಾಲುಗಳನ್ನು ಒಟ್ಟಿಗೆ ಎತ್ತಿಡುವುದರಿಂದ ಮೈ ತೊಟ್ಟಿಲಂತೆ ತೂಗುತ್ತದೆ. ಸೊಂಟ ಬಿಗಿಹಿಡಿಯದೆ ಆ ತೂಗಾಟಕ್ಕೆ ಮೈ ಬಿಟ್ಟುಕೊಟ್ಟರೆ ಮಾರನೆಯ ದಿನ ನೋವು ಕಡಿಮೆ. ಮೊದಲ ಸಲಕ್ಕೆ ಒಂದು ತಾಸಿನ ಸವಾರಿ ಸಾಕು. ಸೂರ್ಯಾಸ್ತಕ್ಕೆ ಒಂದೂವರೆ ತಾಸು ಮೊದಲು ಹೊರಟರೆ ದಿಬ್ಬದ ನೆತ್ತಿಯಲ್ಲಿ ಕೂರಲು ಸಮಯ ಸಿಗುತ್ತದೆ.

ಊಟದಲ್ಲಿ ದಾಲ್ ಬಾಟಿ ಇದ್ದೇ ಇರುತ್ತದೆ, ಅದಕ್ಕಿಂತ ಸಜ್ಜೆ ರೊಟ್ಟಿ ಮತ್ತು ಕೇರ್ ಸಾಂಗ್ರಿ ಪಲ್ಯವನ್ನು ಕೇಳಿ ಹಾಕಿಸಿಕೊಳ್ಳಿ. ಸಾಂಗ್ರಿ ಎಂದರೆ ಖೇಜ್ಡಿ ಮರದ ಕಾಯಿ, ಖೇಜ್ಡಿ ಎಂದರೆ ದಸರೆಯಲ್ಲಿ ‘ಬಂಗಾರದಂಗ ಇರೋಣು’ ಎಂದು ನಾವು ಎಲೆ ಹಂಚಿಕೊಳ್ಳುವ ಬನ್ನಿ. ಪೂಜೆಯ ಮರವೆಂದಷ್ಟೇ ತಿಳಿದಿದ್ದ ನನಗೆ, ಮಳೆ ಕಾಣದ ನೆಲದಲ್ಲಿ ಅದು ಜನರಿಗೆ ಕಾಯಿಯನ್ನೂ ಒಂಟೆಗೆ ಸೊಪ್ಪನ್ನೂ ಕೊಟ್ಟು ಸಾಕುತ್ತಿರುವುದನ್ನು ಕಂಡು ಕಣ್ಣು ತುಂಬಿ ಬಂತು. ಮಾಂಗಣಿಯಾರ್ ಗಾಯಕರು ಕಮಾಯಿಚಾ, ಖಡತಾಲ್ ವಾದ್ಯಗಳನ್ನು ಹಿಡಿದು ಹಾಡಲು ಬಂದರೆ ಬೆಂಕಿಯ ಹತ್ತಿರ ಕುಳಿತು ಕೇಳಿ, ಅವರ ಸಂಭಾವನೆಯನ್ನು ಅವರ ಕೈಗೇ ಕೊಡಿ.

ಮಲಗುವ ಮುನ್ನ ಬೂಟುಗಳನ್ನು ಡೇರೆಯೊಳಗೆ ತೆಗೆದಿಟ್ಟು, ಬೆಳಿಗ್ಗೆ ತೊಡುವ ಮೊದಲು ಕೊಡವಿ, ಚೇಳುಗಳಿರುವ ನೆಲವದು. ಜನವರಿಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಏಳೂವರೆಯ ಸುಮಾರಿಗೆ, ಅಂದರೆ ನಮ್ಮೂರಿಗಿಂತ ಅರ್ಧ ತಾಸಿಗೂ ಹೆಚ್ಚು ತಡವಾಗಿ. ಆದ್ದರಿಂದ ಆರೂವರೆಗೆ ಎದ್ದು, ಕೌದಿ ಹೊದ್ದುಕೊಂಡೇ ಹತ್ತಿರದ ದಿಬ್ಬ ಏರಬಹುದು. ಯಾರೂ ತುಳಿಯದ ಬದಿಯಿಂದ ಏರಿ: ರಾತ್ರಿಯ ಗಾಳಿ ಮೂಡಿಸಿದ ಗೆರೆಗಳ ಮೇಲೆ ಕರಿ ಹುಳುವೊಂದು ನಡೆದು ಹೋದ ಗುರುತು, ದಾರದ ಹೊಲಿಗೆಯಂತೆ, ದಿಬ್ಬದ ಆಚೆಯವರೆಗೂ ಕಾಣುತ್ತದೆ.