ಶಾಲೆಯ ಸಂಚಿಕೆಗೆ ಪದ್ಯ ಬೇಕೆ? ಅನುಮತಿ ಕೇಳುವುದು ಹೀಗೆ

ಶಾಲಾ ವಾರ್ಷಿಕೋತ್ಸವ ಹತ್ತಿರ ಬಂತೆಂದರೆ ಪೋಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪುಸ್ತಕದ ಪುಟಗಳ ಫೋಟೊ ಓಡಾಡತೊಡಗುತ್ತವೆ. ‘ಈ ಪದ್ಯ ಸಂಚಿಕೆಗೆ ಹಾಕೋಣ, ಕೆಳಗೆ ಕವಿಯ ಹೆಸರು ಕೊಟ್ಟರೆ ಸಾಕಲ್ವಾ?’ ಸಾಲದು. ಹಕ್ಕು ಇರುವವರ ಒಪ್ಪಿಗೆಯೂ ಬೇಕು.

ಮೊದಲು ಕವಿ ತೀರಿಕೊಂಡ ವರ್ಷ ನೋಡಿ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ ಪ್ರಕಾರ ಲೇಖಕರ ಕಾಲಾನಂತರ 60 ವರ್ಷ ಹಕ್ಕು ಉಳಿಯುತ್ತದೆ. ಲೆಕ್ಕ ಶುರುವಾಗುವುದು ಮರುವರ್ಷದ ಜನವರಿಯಿಂದ. ಪಂಜೆ ಮಂಗೇಶರಾಯರು ತೀರಿಕೊಂಡಿದ್ದು 1937ರಲ್ಲಿ. ಅವರು ಬದುಕಿದ್ದಾಗ ಅಚ್ಚಾದ ಪದ್ಯಗಳಿಗೆ ಈಗ ಯಾರನ್ನೂ ಕೇಳಬೇಕಿಲ್ಲ. ಜಿ.ಪಿ. ರಾಜರತ್ನಂ ತೀರಿಕೊಂಡಿದ್ದು 1979ರಲ್ಲಿ. ಅವರ ಪದ್ಯಗಳ ಹಕ್ಕು 2039ರ ಕೊನೆವರೆಗೂ ಇದೆ. ಹಳೇ ಪದ್ಯದ ಪಕ್ಕ ಹೊಸ ಕಲಾವಿದರ ಚಿತ್ರವಿದ್ದರೆ ಅದರ ಹಕ್ಕು ಬೇರೆ, ಹುಷಾರು.

‘ಶಾಲೆಗಳಿಗೆ ವಿನಾಯಿತಿ ಇದೆಯಂತಲ್ಲ?’ ಇದೆ, ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ. ಪಾಠಕ್ಕೆ ಬೇಕಾದ ಪುಸ್ತಕದ ಪುಟಗಳನ್ನು ನಕಲು ಮಾಡಿಕೊಡುತ್ತಿದ್ದ ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯೊಂದರ ಮೇಲೆ ಪ್ರಕಾಶಕರು ಹೂಡಿದ್ದ ಮೊಕದ್ದಮೆಯಲ್ಲಿ 2016ರಲ್ಲಿ ಹೈಕೋರ್ಟ್ ಇದೇ ಸೆಕ್ಷನ್ ಎತ್ತಿಹಿಡಿಯಿತು. ಆದರೆ ಅದು ಪಾಠ ಮಾಡುವ ಮೇಷ್ಟ್ರಿಗೆ, ಕಲಿಯುವ ಮಕ್ಕಳಿಗೆ. ಜಾಹೀರಾತು ಹಾಕಿಕೊಂಡು ಪೋಷಕರು ಹಂಚುವ ಸಂಚಿಕೆಯನ್ನು ಅದರೊಳಗೆ ತೂರಿಸುವುದು ಕಷ್ಟ. ಇಡೀ ಗೈಡನ್ನು ಪಿಡಿಎಫ್ ಮಾಡಿ ಗುಂಪಿಗೆ ಬಿಡುವುದಂತೂ ಬೇಡವೇ ಬೇಡ.

ಯಾರನ್ನು ಕೇಳಬೇಕು? ಪುಸ್ತಕದ ಮೊದಲ ಪುಟಗಳಲ್ಲಿ ‘ಹಕ್ಕುಗಳು’ ಎಂಬ ಸಾಲು ಹುಡುಕಿ. ಕನ್ನಡ ಪುಸ್ತಕಗಳಲ್ಲಿ ಎಷ್ಟೋ ಸಲ ಅಲ್ಲಿ ಲೇಖಕರ ಹೆಸರೇ ಇರುತ್ತದೆ. ಅವರು ಇಲ್ಲವಾದರೆ ಮನೆಯವರು. ವಿಳಾಸ ಸಿಗದಿದ್ದರೆ ಪ್ರಕಾಶಕರಿಗೆ ಒಂದು ಫೋನ್ ಮಾಡಿ.

ಆಮೇಲೆ ಪತ್ರ ಅಥವಾ ಇಮೇಲ್. ಶಾಲೆಯ ಗುಣಗಾನ ಬೇಡ. ಹೀಗೆ ಬರೆದರೆ ಸಾಕು: ‘ನಿಮ್ಮ ಈ ಪುಸ್ತಕದ 14ನೇ ಪುಟದ ಪದ್ಯವನ್ನು ನಮ್ಮ ವಾರ್ಷಿಕ ಸಂಚಿಕೆಯಲ್ಲಿ ಪೂರ್ತಿ ಅಚ್ಚು ಹಾಕಲು ಅನುಮತಿ ಕೋರುತ್ತೇವೆ. 300 ಪ್ರತಿ, ಉಚಿತ ಹಂಚಿಕೆ. ಜಾಹೀರಾತು ಇರುತ್ತದೆ. ಪೋಷಕರಿಗೆ ಪಿಡಿಎಫ್ ಕೂಡ ಕಳಿಸುತ್ತೇವೆ. ಸಂಭಾವನೆ ಇದ್ದರೆ ತಿಳಿಸಿ.’ ಪಿಡಿಎಫ್ ವಿಷಯ ಮರೆಯುವವರೇ ಜಾಸ್ತಿ. ಅಚ್ಚಿಗೆ ಸಿಕ್ಕ ಒಪ್ಪಿಗೆ ಅದಕ್ಕೆ ತಾನಾಗಿ ಅನ್ವಯಿಸುವುದಿಲ್ಲ.

ಫೋನಿನಲ್ಲಿ ‘ಆಯ್ತು, ಹಾಕ್ಕೊಳ್ಳಿ’ ಅಂದರೂ ಒಂದು ಸಾಲು ಬರೆಸಿಕೊಳ್ಳಿ. ಕಾಯ್ದೆ ಕೇಳುವುದು ಬರಹದ ಅನುಮತಿಯನ್ನೇ. ಉತ್ತರ ಬರದಿದ್ದರೆ ಒಪ್ಪಿದರು ಎಂದುಕೊಳ್ಳುವಂತಿಲ್ಲ, ಬೇರೆ ಪದ್ಯ ಹುಡುಕಿ. ಪತ್ರಿಕೆಯ ಲೇಖನವನ್ನು ಪೋಷಕರು ಓದಲಿ ಎಂಬುದಷ್ಟೇ ಆಸೆಯಾದರೆ ಇಷ್ಟೆಲ್ಲ ಓಡಾಟವೇ ಬೇಡ, ಪತ್ರಿಕೆಯ ಜಾಲತಾಣದ ಲಿಂಕ್ ಕಳಿಸಿಬಿಡಿ.