ಓಟದ ಕುದುರೆಯ ಕಾಲಿನ ಪೆಟ್ಟನ್ನು ಥರ್ಮಲ್ ಕ್ಯಾಮೆರಾದಲ್ಲಿ ಗುರುತಿಸುವ ಕ್ರಮ

ಓಟದ ಕುದುರೆ ಕುಂಟತೊಡಗುವ ಹೊತ್ತಿಗೆ ಅದರ ಮುಂಗಾಲಿನ ಸ್ನಾಯುರಜ್ಜುವಿಗೆ (ಸ್ನಾಯುವನ್ನು ಮೂಳೆಗೆ ಬಿಗಿಯುವ ಗಟ್ಟಿ ಹುರಿಗೆ) ಸಾಕಷ್ಟು ಹಾನಿಯಾಗಿರುವುದುಂಟು. ಉರಿಯೂತವಿರುವಲ್ಲಿ ರಕ್ತಸಂಚಾರ ಹೆಚ್ಚಿ ಚರ್ಮ ಬಿಸಿಯಾಗುವುದರಿಂದ, ಕುಂಟು ಕಾಣಿಸುವ ಮೊದಲೇ, ಕೆಲವೊಮ್ಮೆ ಒಂದೆರಡು ವಾರ ಮುಂಚೆಯೇ, ಉಷ್ಣತೆಯನ್ನು ಬಣ್ಣಗಳಾಗಿ ತೋರಿಸುವ ಥರ್ಮಲ್ ಕ್ಯಾಮೆರಾ ಆ ಬದಲಾವಣೆಯನ್ನು ಹಿಡಿಯಬಲ್ಲದು. ಆದರೆ ಅದು ಅಳೆಯುವುದು ಚರ್ಮದ ಮೇಲ್ಮೈಯ ಉಷ್ಣತೆಯನ್ನು ಮಾತ್ರ. ಹಾಗಾಗಿ ಚಿತ್ರ ತೆಗೆಯುವುದಕ್ಕಿಂತ ಸಿದ್ಧತೆಗೇ ಹೆಚ್ಚು ಗಮನ ಕೊಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಬೆಳಗಿನ ವ್ಯಾಯಾಮಕ್ಕೆ ಮುಂಚೆ, ಬಿಸಿಲೂ ಗಾಳಿಯೂ ನೇರವಾಗಿ ಬೀಳದ ಲಾಯದೊಳಗೆ ಚಿತ್ರ ತೆಗೆಯುವುದು ಉತ್ತಮ. ಬೆಂಗಳೂರಿನ ಮುಂಜಾನೆ ಇದಕ್ಕೆ ಅನುಕೂಲಕರ; ಸುತ್ತಲಿನ ತಾಪ 30 ಡಿಗ್ರಿ ಸೆಲ್ಸಿಯಸ್ ದಾಟುವ ಬೇಸಿಗೆಯ ಮಧ್ಯಾಹ್ನದಲ್ಲಿ ಬೆವರು ಸೇರಿ ಚಿತ್ರ ನಂಬಲರ್ಹವಾಗಿ ಉಳಿಯುವುದಿಲ್ಲ. ಕಾಲಿನ ಪಟ್ಟಿಗಳನ್ನು ಕನಿಷ್ಠ ಎರಡು ಗಂಟೆ ಮೊದಲೇ ಬಿಚ್ಚಿಸಿ, ಕೆಸರನ್ನು ಒಣ ಬ್ರಶ್‌ನಿಂದ ತೆಗೆಸಿ, ಬಳಿಕ ಕುದುರೆಯನ್ನು ಅದೇ ಜಾಗದಲ್ಲಿ ಅರ್ಧ ಗಂಟೆಯಾದರೂ ಸುಮ್ಮನೆ ನಿಲ್ಲಿಸಬೇಕು. ಒದ್ದೆ ಕೂದಲು, ಹಚ್ಚಿದ ಮುಲಾಮು, ಒಂದು ಕಡೆ ಮಾತ್ರ ಕತ್ತರಿಸಿದ ರೋಮ, ಇತ್ತೀಚೆಗೆ ಕೊಟ್ಟ ಚುಚ್ಚುಮದ್ದು, ಇವೆಲ್ಲವೂ ಚಿತ್ರವನ್ನು ಬದಲಿಸುತ್ತವೆ. ಆದ್ದರಿಂದ ಕುದುರೆಯನ್ನು ನೋಡಿಕೊಳ್ಳುವ ಸೈಸ್‌ನನ್ನು ಮೊದಲೇ ವಿಚಾರಿಸಿ ಬರೆದಿಟ್ಟುಕೊಳ್ಳಬೇಕು.

ಕುದುರೆ ನಾಲ್ಕೂ ಕಾಲುಗಳ ಮೇಲೆ ಸಮನಾಗಿ ಭಾರ ಹಾಕಿ ನಿಂತಿರುವಾಗ, ಸುಮಾರು ಒಂದು ಮೀಟರ್ ದೂರದಿಂದ, ಪ್ರತಿ ಕಾಲನ್ನೂ ಮುಂದೆ, ಹಿಂದೆ ಮತ್ತು ಎರಡೂ ಪಕ್ಕಗಳಿಂದ ಸೆರೆಹಿಡಿಯಿರಿ. ಎಡಗಾಲಿಗೂ ಬಲಗಾಲಿಗೂ ದೂರ ಮತ್ತು ಕೋನ ಒಂದೇ ಇರಲಿ. ಬಣ್ಣಗಳ ಉಷ್ಣತಾ ವ್ಯಾಪ್ತಿಯನ್ನು ಕ್ಯಾಮೆರಾ ತಾನಾಗಿ ಹೊಂದಿಸಿಕೊಳ್ಳಲು ಬಿಡಬಾರದು; ಬಿಟ್ಟರೆ ಒಂದು ಚಿತ್ರದಲ್ಲಿ ಕೆಂಪಾಗಿ ತೋರುವ ಉಷ್ಣತೆಯೇ ಇನ್ನೊಂದರಲ್ಲಿ ಹಳದಿಯಾಗಿ ತೋರಿ ಹೋಲಿಕೆಗೆ ಅರ್ಥವೇ ಇರುವುದಿಲ್ಲ.

ಆರೋಗ್ಯವಂತ ಕಾಲೂ ಎಲ್ಲೆಡೆ ಒಂದೇ ಬಿಸಿ ಇರುವುದಿಲ್ಲ. ಗೊರಸು ಚರ್ಮವನ್ನು ಸೇರುವ ಅಂಚು ಸಾಮಾನ್ಯವಾಗಿ ಹೆಚ್ಚು ಬಿಸಿಯಾಗಿದ್ದು, ಗೊರಸಿನ ಕೆಳಭಾಗಕ್ಕೆ ಹೋದಂತೆ ಉಷ್ಣತೆ ಇಳಿಯುತ್ತದೆ. ದೊಡ್ಡ ರಕ್ತನಾಳಗಳ ಹಾದಿಯೂ ಬೆಚ್ಚಗೆ ಕಾಣುತ್ತದೆ. ಹೀಗಾಗಿ ಬಿಸಿಯಾದ ಜಾಗವನ್ನು ಹುಡುಕುವುದಕ್ಕಿಂತ ಎಡಬಲಗಳ ವ್ಯತ್ಯಾಸವನ್ನು ಹುಡುಕಬೇಕು. ಮಂಡಿಗೂ ಅದರ ಕೆಳಗಿನ ಗೆಣ್ಣಿಗೂ ನಡುವೆ, ಕಾಲಿನ ಹಿಂಬದಿಯಲ್ಲಿ, ಒಂದು ಕಾಲಿನ ರಜ್ಜು ಇನ್ನೊಂದು ಕಾಲಿನ ಅದೇ ಭಾಗಕ್ಕಿಂತ 1 ಡಿಗ್ರಿಗೂ ಹೆಚ್ಚು ಬಿಸಿಯಿದ್ದರೆ ಅದನ್ನು ಕಡೆಗಣಿಸಬೇಡಿ. ಎರಡೂ ಕಾಲುಗಳಿಗೆ ಒಟ್ಟಿಗೆ ತೊಂದರೆಯಾಗಿದ್ದರೆ ಈ ಹೋಲಿಕೆ ಸೋಲುತ್ತದೆ. ಆಗ ನೆರವಾಗುವುದು ಅದೇ ಕುದುರೆ ಚೆನ್ನಾಗಿದ್ದಾಗ ತೆಗೆದಿಟ್ಟ ಚಿತ್ರಗಳು. ಅಸಹಜವಾಗಿ ತಣ್ಣಗಿರುವ ಭಾಗವೂ ಮುಖ್ಯ, ಏಕೆಂದರೆ ರಕ್ತಸಂಚಾರ ತಗ್ಗಿದರೆ ಅಥವಾ ನರಕ್ಕೆ ತೊಂದರೆಯಾದರೆ ಹಾಗಾಗಬಹುದು.

ಕೀಟ ಕಚ್ಚಿದ ಗುರುತೂ ಗೀರಿದ ಗಾಯವೂ ಇದೇ ರೀತಿ ಬಿಸಿ ತೋರಿಸುತ್ತವೆ. ಆದ್ದರಿಂದ ಸಂಶಯ ಬಂದ ಜಾಗವನ್ನು ಕೈಯಿಂದ ಮುಟ್ಟಿ ನೋಡಿ, ಕುದುರೆಯನ್ನು ಮತ್ತೆ ಕೆಲ ಹೊತ್ತು ನಿಲ್ಲಿಸಿ ಎರಡನೆಯ ಚಿತ್ರ ತೆಗೆಯಿರಿ. ವ್ಯತ್ಯಾಸ ಹಾಗೆಯೇ ಉಳಿದರೆ ಅಂದಿನ ಓಟವನ್ನು ನಿಲ್ಲಿಸಿ, ಚಿತ್ರಗಳನ್ನು ಪಶುವೈದ್ಯರಿಗೆ ತೋರಿಸಿ ಆ ರಜ್ಜುವಿನ ಅಲ್ಟ್ರಾಸೌಂಡ್ ಮಾಡಿಸಬೇಕು. ಎಳೆಗಳು ಹರಿದಿವೆಯೇ, ಎಷ್ಟು ಹರಿದಿವೆ ಎಂಬುದು ಅದರಿಂದ ತಿಳಿಯುತ್ತದೆ.